ಸ್ನೋ ಬೀಳುವ ಊರಿನಲ್ಲಿ ಡಾಂಬರು ಡ್ರೈವ್‌ವೇ ಸೀಲ್ ಮಾಡುವುದು: ಅನುಭವ ಇರುವವರು ಹೇಳಿ

ಈಗನ್_ಕನ್ನಡತಿ · ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿನ್ನೆಸೋಟದ ಈಗನ್‌ನಲ್ಲಿ. ಈ ಮನೆಗೆ ಬಂದು ನಾಲ್ಕು ವರ್ಷ ಆಯಿತು. ಡ್ರೈವ್‌ವೇ, ಅಂದರೆ ರಸ್ತೆಯಿಂದ ಗ್ಯಾರೇಜಿಗೆ ಕಾರು ಬರುವ ದಾರಿ, ಡಾಂಬರಿನದು, 20 ಅಡಿ ಅಗಲ, 40 ಅಡಿ ಉದ್ದ. ಬಂದಾಗ ಕಪ್ಪಗಿತ್ತು, ಈಗ ಬೂದಿ ಬಣ್ಣಕ್ಕೆ ತಿರುಗಿದೆ. ಗ್ಯಾರೇಜ್ ಬಾಗಿಲಿನಿಂದ ರಸ್ತೆಯವರೆಗೆ ಉದ್ದಕ್ಕೂ ಒಂದು ಬಿರುಕು, ಅಡ್ಡಡ್ಡ ಮೂರ್ನಾಲ್ಕು ಸಣ್ಣವು. ಒಂದರಲ್ಲಿ ಹುಲ್ಲು ಬೆಳೆದಿದೆ.

ಹೋದ ವರ್ಷ ಜೂನ್‌ನಲ್ಲಿ ಒಬ್ಬರು ಬಂದು ಬಾಗಿಲು ತಟ್ಟಿದರು. ಪಕ್ಕದ ಬೀದಿಯಲ್ಲಿ ಕೆಲಸ ಮುಗಿಸಿದೆವು, ಸೀಲರ್ (ಡಾಂಬರಿನ ಮೇಲೆ ಹಚ್ಚುವ ಕಪ್ಪು ಲೇಪ) ಉಳಿದಿದೆ, ಕಡಿಮೆಗೆ ಮಾಡಿಕೊಡುತ್ತೇವೆ ಎಂದರು. 350 ಡಾಲರ್ ನಗದು ಕೊಟ್ಟೆವು. ಮುಕ್ಕಾಲು ಗಂಟೆಯಲ್ಲಿ ಸ್ಪ್ರೇ ಹೊಡೆದು ಹೋದರು. ಗುಡಿಸಲೂ ಇಲ್ಲ, ಬಿರುಕು ತುಂಬಲೂ ಇಲ್ಲ. ಆ ದಿನ ನೋಡಲು ಚೆನ್ನಾಗಿಯೇ ಇತ್ತು. ಮೊದಲ ಮಳೆಗೇ ಕಪ್ಪು ನೀರು ರಸ್ತೆಗೆ ಹರಿಯಿತು, ಮಾರ್ಚ್‌ನಲ್ಲಿ ಸ್ನೋ ಕರಗಿದ ಮೇಲೆ ನೋಡಿದರೆ ಏನೂ ಉಳಿದಿರಲಿಲ್ಲ, ಆ ಉದ್ದ ಬಿರುಕಿನಲ್ಲಿ ಈಗ ನನ್ನ ಕಿರುಬೆರಳಿನ ತುದಿ ಹೋಗುತ್ತದೆ.

ಈ ಸಲ ನಾವೇ ಮಾಡೋಣ ಎಂದುಕೊಂಡಿದ್ದೇವೆ. ಅಂಗಡಿಗೆ ಹೋದರೆ ಹತ್ತು ಬಗೆಯ ಡಬ್ಬಿ ಇವೆ. ಯಾವುದು ತರಬೇಕು, ಯಾವಾಗ ಹಚ್ಚಬೇಕು, ಎಷ್ಟು ಬೇಕು? ಇದರಿಂದ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಸುಮ್ನೆ ಬಣ್ಣ ಬಳಿದ ಹಾಗಾ?

ರೋಚೆಸ್ಟರ್_ಹಳಬ · ಆಗಸ್ಟ್ 3

ಮೇಡಂ, ಬಾಗಿಲಿಗೆ ಬಂದು "ಉಳಿದಿದೆ" ಎನ್ನುವವರನ್ನು ಇನ್ನು ಮುಂದೆ ಹತ್ತಿರ ಸೇರಿಸಬೇಡಿ. ಇದು ಇಲ್ಲಿ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ. ಸೀಲರ್‌ಗೆ ನೀರು ಜಾಸ್ತಿ ಬೆರೆಸಿ ಸ್ಪ್ರೇ ಮಾಡುತ್ತಾರೆ. ನಿಮಗೆ ಆದದ್ದೂ ಅದೇ ಎಂದು ಕಾಣುತ್ತದೆ.

ನಾನು 19 ವರ್ಷದಿಂದ ನನ್ನ ಡ್ರೈವ್‌ವೇ ನಾನೇ ಮಾಡಿಕೊಳ್ಳುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಸೀಲರ್ ಹಚ್ಚುವುದು ಕೊನೆಯ ಕೆಲಸ. ಮೊದಲು ಬಿರುಕು ತುಂಬಬೇಕು. ಬಿರುಕು ಬಿಟ್ಟು ಬರೀ ಸೀಲರ್ ಹಚ್ಚುವುದೆಂದರೆ ಸೋರುವ ಹೆಂಚು ಹಾಗೇ ಬಿಟ್ಟು ಗೋಡೆಗೆ ಸುಣ್ಣ ಹೊಡೆದ ಹಾಗೆ.

ಈಗ ಆಗಸ್ಟ್, ಸರಿಯಾದ ಸಮಯ. ಹಚ್ಚುವಾಗಲೂ, ಆಮೇಲೆ ಒಂದು ಹಗಲು ಒಂದು ರಾತ್ರಿಯೂ ತಾಪಮಾನ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಬಾರದು. 24 ಗಂಟೆ ಮಳೆ ಇರಬಾರದು. ಸೆಪ್ಟೆಂಬರ್ ಕೊನೆಗೆ ನಮ್ಮಲ್ಲಿ ರಾತ್ರಿ ಚಳಿ ಶುರು, ಹಗಲು ಎಷ್ಟೇ ಬಿಸಿಲಿದ್ದರೂ ಸೀಲರ್ ಪೂರ್ತಿ ಒಣಗುವುದಿಲ್ಲ. ಹಾಗೆಂದು ಸುಡುವ ಮಧ್ಯಾಹ್ನವೂ ಬೇಡ. ಮೇಲ್ಪದರ ಬೇಗ ಒಣಗಿ ಗೆರೆ ಗೆರೆ ಉಳಿಯುತ್ತದೆ. ನಾನು ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಶುರು ಮಾಡುತ್ತೇನೆ.

ಮಿಸಿಸಾಗಾ_ಮನೆ · ಆಗಸ್ಟ್ 4

ನನ್ನದು ಸ್ವಲ್ಪ ಬೇರೆ ಮಾತು. ನಾವು 14 ವರ್ಷದಿಂದ ಕೆನಡಾದ ಮಿಸಿಸಾಗಾದಲ್ಲಿದ್ದೇವೆ, ಒಮ್ಮೆಯೂ ಸೀಲ್ ಮಾಡಿಸಿಲ್ಲ. ಪ್ರತಿ ವರ್ಷ ಬಿರುಕು ಮಾತ್ರ ತುಂಬುತ್ತೇನೆ. ಪಕ್ಕದ ಮನೆಯವರು ವರ್ಷ ವರ್ಷವೂ ತಪ್ಪದೆ ಹಚ್ಚಿಸುತ್ತಾರೆ. ಅವರದ್ದು ಈಗ ದಪ್ಪ ಪದರ ಕಟ್ಟಿ, ಆ ಪದರವೇ ಬಿರಿದು ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ನನ್ನದು ಬೂದಿ ಬಣ್ಣ, ಆದರೆ ಗಟ್ಟಿಯಾಗಿದೆ. ದುಡ್ಡು ಸುಮ್ನೆ ಯಾಕೆ ಖರ್ಚು ಮಾಡಬೇಕು?

ಡೆಟ್ರಾಯಿಟ್_ಸಿವಿಲ್ · ಆಗಸ್ಟ್ 4

ನಾನು ರಸ್ತೆ ಕೆಲಸದಲ್ಲಿರುವ ಸಿವಿಲ್ ಇಂಜಿನಿಯರ್. ಇಬ್ಬರ ಮಾತಿನಲ್ಲೂ ನಿಜ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಡಾಂಬರು ರಸ್ತೆ ಎಂದರೆ ಜಲ್ಲಿ, ಮರಳು, ಅವನ್ನು ಹಿಡಿದಿಡುವ ಅಂಟು. ಆ ಅಂಟು ಬಿಟುಮೆನ್. ಬಿಸಿಲು ಮತ್ತು ಗಾಳಿ ತಾಗಿ ತಾಗಿ ಮೇಲಿನ ಬಿಟುಮೆನ್ ಒಣಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಕಪ್ಪು ಹೋಗಿ ಬೂದಿ ಆಯಿತು ಎಂದರೆ ಅದರ ಗುರುತು. ಸೀಲರ್ ಈ ಮೇಲ್ಪದರವನ್ನು ಕಾಯುತ್ತದೆ, ಅಷ್ಟೇ. ಅದಕ್ಕೆ ಹೊರೆ ಹೊರುವ ಶಕ್ತಿ ಇಲ್ಲ. ಹೊಂಡ ಮುಚ್ಚುವುದಿಲ್ಲ, ಕುಸಿದ ನೆಲವನ್ನು ಎತ್ತುವುದಿಲ್ಲ.

ನಿಜವಾದ ಶತ್ರು ನೀರು. ನೀರು ಐಸ್ ಆಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಬಿರುಕಿನೊಳಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಎರಡೂ ಬದಿಯನ್ನು ತಳ್ಳುತ್ತದೆ, ಹಗಲು ಕರಗಿ ಇನ್ನೂ ಆಳಕ್ಕೆ ಹೋಗುತ್ತದೆ, ಮತ್ತೆ ರಾತ್ರಿ ತಳ್ಳುತ್ತದೆ. ಹಾಗಾಗಿ ಚಳಿ ಎಷ್ಟು ಕಡು ಎನ್ನುವುದಕ್ಕಿಂತ, ಸೊನ್ನೆ ಸೆಲ್ಸಿಯಸ್‌ನ ಗೆರೆಯನ್ನು ಎಷ್ಟು ಸಲ ದಾಟುತ್ತದೆ ಎನ್ನುವುದು ಮುಖ್ಯ. ಜನವರಿಯಲ್ಲಿ ಮಿನ್ನೆಸೋಟದಲ್ಲಿ ಎಲ್ಲ ಕಲ್ಲಾಗಿ ಕೂತಿರುತ್ತದೆ. ಹಾಳು ಮಾಡುವುದು ಮಾರ್ಚ್. ಹಗಲು ನೀರು, ರಾತ್ರಿ ಐಸ್. ಈ ಏರಿಳಿತ ಮಿಸಿಸಾಗಾದಲ್ಲಿ ಚಳಿಗಾಲ ಪೂರ್ತಿ ನಡೆಯುತ್ತಲೇ ಇರುತ್ತದೆ.

ಹಾಗಿದ್ದರೂ ಮಿಸಿಸಾಗಾದವರ ಡ್ರೈವ್‌ವೇ ಉಳಿದಿದೆ, ಯಾಕೆಂದರೆ ಅವರು ನೀರಿನ ದಾರಿಯನ್ನು ವರ್ಷ ವರ್ಷವೂ ಮುಚ್ಚುತ್ತಿದ್ದಾರೆ. ಸೀಲರ್ ವರ್ಷಕ್ಕೊಮ್ಮೆ ಬೇಡವೇ ಬೇಡ ಎನ್ನುವುದೂ ಸರಿ. ಎರಡರಿಂದ ನಾಲ್ಕು ವರ್ಷಕ್ಕೆ ಒಮ್ಮೆ ಸಾಕು. ಬೇಕೋ ಬೇಡವೋ ತಿಳಿಯಲು ಒಂದು ಲೋಟ ನೀರು ಸುರಿದು ನೋಡಿ. ಹನಿ ಕಟ್ಟಿ ನಿಂತರೆ ಈ ವರ್ಷ ಬಿಡಿ. ಹೀರಿಕೊಂಡು ಕಪ್ಪಾದರೆ ಹಚ್ಚಿ.

ಈಗನ್‌ನವರೇ, ಎರಡು ಪ್ರಶ್ನೆ. ಎಲ್ಲಾದರೂ ಮೊಸಳೆ ಚರ್ಮದ ಹಾಗೆ ಚಿಕ್ಕ ಚಿಕ್ಕ ಬಿರುಕು ಬಲೆ ಬಲೆಯಾಗಿ ಇದೆಯಾ? ಇದ್ದರೆ ಅಲ್ಲಿ ಕೆಳಗಿನ ಜಲ್ಲಿ ಪದರವೇ ಹೋಗಿದೆ, ಕತ್ತರಿಸಿ ತೆಗೆಯಬೇಕು. ಇನ್ನೊಂದು, ನಿಮ್ಮ ಸೂರಿನ ನೀರಿನ ಪೈಪು ಎಲ್ಲಿ ಬಿಡುತ್ತದೆ?

ಈಗನ್_ಕನ್ನಡತಿ · ಆಗಸ್ಟ್ 4

ಸರ್, ತುಂಬಾ ಧನ್ಯವಾದ. ಈಗಷ್ಟೇ ನೀರು ಸುರಿದು ನೋಡಿದೆ. ಎರಡು ನಿಮಿಷದಲ್ಲಿ ಹೀರಿಕೊಂಡಿತು. ಮೊಸಳೆ ಚರ್ಮದ ತರಹ ಎಲ್ಲೂ ಇಲ್ಲ.

ನನ್ನ ಮಗನಿಗೆ ಮೂರು ವರ್ಷ. ಅಲ್ಲೇ ಆಡುತ್ತಾನೆ, ಚಾಕ್‌ನಲ್ಲಿ ಬರೆಯುತ್ತಾನೆ, ಬರಿಗಾಲಲ್ಲಿ ಓಡುತ್ತಾನೆ. ಈ ಸೀಲರ್‌ನಲ್ಲಿ ವಿಷ ಇದೆ ಎಂದು ಗೆಳತಿಯೊಬ್ಬಳು ಹೇಳಿದಳು. ಹೌದಾ?

ಆಸ್ಟಿನ್_ಅಮ್ಮ · ಆಗಸ್ಟ್ 5

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಈ ವಿಷಯ ಹೊರಬಂದದ್ದೇ ನಮ್ಮೂರಿನಿಂದ, ಟೆಕ್ಸಸ್‌ನ ಆಸ್ಟಿನ್‌ನಿಂದ. ಕನ್ನಡದಲ್ಲಿ ನಾವು ಎಲ್ಲದಕ್ಕೂ ಡಾಂಬರು ಅಥವಾ ಟಾರು ಎಂದುಬಿಡುತ್ತೇವೆ. ಆದರೆ ಎರಡು ಬೇರೆ ಬೇರೆ ವಸ್ತು ಇವೆ. ಒಂದು ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ಇನ್ನೊಂದು ಕಲ್ಲಿದ್ದಲನ್ನು ಕೋಕ್ ಮಾಡುವಾಗ ಬರುವ ಕೋಲ್ ಟಾರ್. ಸೀಲರ್‌ಗಳೂ ಹಾಗೆಯೇ ಎರಡು ಬಗೆ.

ಕೋಲ್ ಟಾರ್ ಸೀಲರ್‌ನಲ್ಲಿ ಪಿಎಎಚ್ ಎನ್ನುವ ರಾಸಾಯನಿಕಗಳು ತುಂಬಾ ಇರುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಬಿಟುಮೆನ್ ಸೀಲರ್‌ಗಿಂತ ಸುಮಾರು ಸಾವಿರ ಪಟ್ಟು ಜಾಸ್ತಿ ಎಂದು ಅಮೆರಿಕದ ಭೂವಿಜ್ಞಾನ ಇಲಾಖೆಯ ಅಧ್ಯಯನ ಹೇಳುತ್ತದೆ. ಟಯರ್ ಉಜ್ಜಿ ಉಜ್ಜಿ ಅದು ಪುಡಿಯಾಗುತ್ತದೆ, ಚಪ್ಪಲಿಗೆ ಅಂಟಿ ಮನೆಯೊಳಗಿನ ಧೂಳಿಗೂ ಸೇರುತ್ತದೆ, ಮಳೆಗೆ ಹೊಳೆ ಸೇರುತ್ತದೆ. ಆಸ್ಟಿನ್‌ನ ಹೊಳೆಗಳ ಕೆಸರಿನಲ್ಲಿ ಇದನ್ನು ಕಂಡುಕೊಂಡ ಮೇಲೆ ನಮ್ಮ ನಗರ 2006ರಲ್ಲಿ ಇದನ್ನು ನಿಷೇಧಿಸಿತು. ಅಮೆರಿಕದಲ್ಲಿ ಇಂಥ ಮೊದಲ ನಿಷೇಧ ಅದು.

ನಿಮ್ಮ ಮಿನ್ನೆಸೋಟದಲ್ಲಿ 2014ರ ಜನವರಿ 1ರಿಂದ ಇಡೀ ರಾಜ್ಯಕ್ಕೆ ನಿಷೇಧ ಇದೆ. ಹಾಗಾಗಿ ನಿಮ್ಮ ಅಂಗಡಿಯಲ್ಲಿ ಸಿಗುವುದು ಬಿಟುಮೆನ್ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಬಿಟುಮೆನ್) ಅಥವಾ ಅಕ್ರಿಲಿಕ್. ಆದರೆ ಎಲ್ಲ ರಾಜ್ಯದಲ್ಲೂ ನಿಷೇಧ ಇಲ್ಲ. ಬೇರೆ ಕಡೆ ಇರುವವರು ಡಬ್ಬಿಯ ಸೇಫ್ಟಿ ಡೇಟಾ ಶೀಟ್ (ಒಳಗೆ ಯಾವ ರಾಸಾಯನಿಕ ಇದೆ ಎಂದು ಹೇಳುವ ಹಾಳೆ) ತೆಗೆದು ನೋಡಿ. ಅದರಲ್ಲಿ 65996-93-2 ಎನ್ನುವ ಸಂಖ್ಯೆ ಇದ್ದರೆ ಕೋಲ್ ಟಾರ್ ಪಿಚ್ ಇದೆ ಎಂದರ್ಥ. ಮಕ್ಕಳಿರುವ ಮನೆಗೆ ತರಲೇಬೇಡಿ.

ಈಗನ್_ಕನ್ನಡತಿ · ಆಗಸ್ಟ್ 5

ಅಕ್ಕಾ, ಇದು ಗೊತ್ತೇ ಇರಲಿಲ್ಲ. ಹೋದ ವರ್ಷ ಆ ಜನ ಏನು ಹೊಡೆದರೋ ಎಂದು ಈಗ ಭಯ ಆಗುತ್ತಿದೆ. ಡಬ್ಬಿಯನ್ನೂ ನೋಡಿರಲಿಲ್ಲ. ಇನ್ನು ಮುಂದೆ ಚಪ್ಪಲಿ ಹೊರಗೇ.

ಡೆನ್ವರ್_ದಂಪತಿ · ಆಗಸ್ಟ್ 6

ನಮ್ಮದು ಕಾಂಕ್ರೀಟ್ ಡ್ರೈವ್‌ವೇ. ಮೇಲ್ಮೈ ರುಪಾಯಿ ನಾಣ್ಯದಷ್ಟಗಲ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಒಳಗಿನ ಜಲ್ಲಿ ಕಾಣುತ್ತಿದೆ. ಇದಕ್ಕೂ ಇದೇ ಸೀಲರ್ ಹಚ್ಚಬಹುದಾ?

ಡೆಟ್ರಾಯಿಟ್_ಸಿವಿಲ್ · ಆಗಸ್ಟ್ 6

ಬೇಡ, ಬೇಡ. ಡಾಂಬರಿನ ಸೀಲರ್ ಕಾಂಕ್ರೀಟ್‌ಗೆ ಅಲ್ಲ. ನಿಮಗೆ ಬೇಕಾದದ್ದು ಸಿಲೇನ್ ಅಥವಾ ಸಿಲಾಕ್ಸೇನ್ ಇರುವ, ಒಳಗೆ ಇಳಿಯುವ ಬಗೆ. ಅದು ಮೇಲೆ ಪೊರೆ ಕಟ್ಟುವುದಿಲ್ಲ. ಕಾಂಕ್ರೀಟ್‌ನ ಸಣ್ಣ ರಂಧ್ರಗಳ ಒಳಗೆ ಇಳಿದು ನೀರನ್ನು ತಡೆಯುತ್ತದೆ, ಒಳಗಿನ ಆವಿ ಹೊರಗೆ ಹೋಗಲು ಬಿಡುತ್ತದೆ. ಹೊಳೆಯುವ ಅಕ್ರಿಲಿಕ್ ಪೊರೆ ಹಾಕಿದರೆ ಸ್ನೋದಲ್ಲಿ ಕಾಲು ಜಾರುತ್ತದೆ, ಒಳಗೆ ತೇವ ಸಿಕ್ಕಿಕೊಂಡರೆ ಪೊರೆ ಕಿತ್ತೂ ಬರುತ್ತದೆ.

ಚಕ್ಕೆ ಏಳುವುದಕ್ಕೆ ಮುಖ್ಯ ಕಾರಣ ಉಪ್ಪು ಮತ್ತು ಐಸ್ ಜೊತೆಗೂಡುವುದು. ಡೆನ್ವರ್‌ನಲ್ಲಿ ಬೆಳಿಗ್ಗೆ ಬಿದ್ದ ಸ್ನೋ ಮಧ್ಯಾಹ್ನದ ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಐಸ್. ಅದರ ಮೇಲೆ ರಸ್ತೆಗೆ ಹಾಕುವ ಮೆಗ್ನೀಸಿಯಂ ಕ್ಲೋರೈಡ್ ಕಾರಿನ ಅಡಿಯಿಂದ ತೊಟ್ಟಿಕ್ಕುತ್ತದೆ. ಕಾಂಕ್ರೀಟ್ ಹಾಕುವಾಗಲೇ ಒಳಗೆ ಸಣ್ಣ ಗಾಳಿ ಗುಳ್ಳೆ ಬರುವಂತೆ ಬೆರೆಸಿರಬೇಕು, 5ರಿಂದ 8 ಶೇಕಡಾ. ಐಸ್ ಹಿಗ್ಗಲು ಅದೇ ಜಾಗ. ಇಲ್ಲದಿದ್ದರೆ ಮೇಲ್ಮೈ ಬೇಗ ಹೋಗುತ್ತದೆ. ಹೊಸದಾಗಿ ಹಾಕಿಸುವವರು ಇದನ್ನು ಕೇಳಿಯೇ ಹಾಕಿಸಿ, ಮೊದಲ ಚಳಿಗಾಲದಲ್ಲಿ ಉಪ್ಪು ತಾಗಿಸಬೇಡಿ, ಮರಳು ಹಾಕಿ.

ರೋಚೆಸ್ಟರ್_ಹಳಬ · ಆಗಸ್ಟ್ 6

ಉಪ್ಪಿನ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಜನ ಬಕೆಟ್‌ಗಟ್ಟಲೆ ಸುರಿಯುತ್ತಾರೆ. ನಮ್ಮ ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುವ ಲೆಕ್ಕದಲ್ಲಿ 20 ಅಡಿಯ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಶಾಶ್ವತವಾಗಿ ಕೆಡಿಸುತ್ತದೆ. ನೆಲ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಮಾಮೂಲಿ ಉಪ್ಪು ಕೆಲಸವನ್ನೇ ಮಾಡುವುದಿಲ್ಲ. ಆಗ ಮರಳೇ ಒಳ್ಳೆಯದು. ಮೊದಲು ಚೆನ್ನಾಗಿ ಗೋರಿ ತೆಗೆಯಿರಿ.

ಪುತ್ತೂರು_ತೋಟ · ಆಗಸ್ಟ್ 8

ನಾನು ಪುತ್ತೂರಿನಲ್ಲಿದ್ದೇನೆ, ಮಗಳು ಮಿಚಿಗನ್‌ನಲ್ಲಿ. ಅವಳು ಈ ಚರ್ಚೆ ಕಳಿಸಿದಳು. ಸ್ನೋ ನನಗೆ ಗೊತ್ತಿಲ್ಲ, ಆದರೆ ನೀವು ಹೇಳುವುದೆಲ್ಲ ನಮ್ಮ ಅಡಿಕೆ ಅಂಗಳದ ಕೆಲಸವೇ.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಸೋಗೆ ಹಾಸುತ್ತಿದ್ದೆವು, ಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗಬಾರದು ಎಂದು. ಮಳೆ ನಿಂತ ಮೇಲೆ ಕೆತ್ತಿ, ತಗ್ಗು ತುಂಬಿ, ನೀರು ಚಿಮುಕಿಸಿ, ಪೆಟ್ಟುಮಣೆಯಲ್ಲಿ ಬಡಿದು ಬಡಿದು ಗಟ್ಟಿ ಮಾಡಬೇಕು. ಅದೆಲ್ಲ ಆದ ಮೇಲೆ ಸೆಗಣಿ ಸಾರಿಸುವುದು. ತಗ್ಗು ತುಂಬದೆ ಸಾರಿಸಿದರೆ ನಮ್ಮ ಅಮ್ಮ ಬಿಡುತ್ತಿರಲಿಲ್ಲ, ಕೆರೆದು ಮತ್ತೆ ಮಾಡಿಸುತ್ತಿದ್ದರು. ತೆಳ್ಳಗೆ ಎರಡು ಸಲ ಸಾರಿಸಬೇಕು, ದಪ್ಪಕ್ಕೆ ಒಂದೇ ಸಲ ಸಾರಿಸಿದರೆ ಒಣಗಿ ಹೊಪ್ಪಳಿಕೆ ಏಳುತ್ತದೆ. ನಿಮ್ಮ ಸೀಲರ್‌ಗೂ ಹಾಗೆಯೇ ಇರಬೇಕು ಅಲ್ವಾ?

ರೋಚೆಸ್ಟರ್_ಹಳಬ · ಆಗಸ್ಟ್ 8

ಹಿರಿಯರೇ, ಅಕ್ಷರಕ್ಷರ ಹಾಗೆಯೇ. ತೆಳ್ಳಗೆ ಎರಡು ಕೋಟ್. ಇನ್ನು ಮೇಲೆ ನಾನೂ ಡ್ರೈವ್‌ವೇ ಸಾರಿಸುವುದು ಎಂದೇ ಹೇಳುತ್ತೇನೆ. ಅದೇ ಸರಿಯಾದ ಮಾತು.

ಈಗನ್‌ನವರಿಗೆ ನಾನು ಮಾಡುವ ಕ್ರಮ ಬರೆಯುತ್ತೇನೆ. ಮೊದಲು ಅಂಚಿನ ಹುಲ್ಲು ಕತ್ತರಿಸಿ ಡಾಂಬರಿನ ತುದಿ ಕಾಣುವಂತೆ ಮಾಡಿ. ಬಿರುಕಿನ ಕಳೆಯನ್ನು ಬೇರು ಸಮೇತ ಕೀಳಿ, ಹಳೆ ಸ್ಕ್ರೂಡ್ರೈವರ್‌ನಿಂದ ಮಣ್ಣು ಕೆದಕಿ, ತಂತಿ ಬ್ರಷ್‌ನಿಂದ ಉಜ್ಜಿ, ಎಲೆ ಊದುವ ಮೆಷಿನ್‌ನಿಂದ ಧೂಳು ಹಾರಿಸಿ. ಬಿರುಕು ಒಳಗೆ ಒಣಗಿರಬೇಕು. ಆಳ ಜಾಸ್ತಿ ಇದ್ದರೆ ಮೊದಲು ಫೋಮ್ ಹಗ್ಗ ಒತ್ತಿ, ಇಲ್ಲದಿದ್ದರೆ ಸುರಿದ ಫಿಲ್ಲರ್ ಎಲ್ಲ ತಳಕ್ಕೆ ಹೋಗುತ್ತದೆ. ಆಮೇಲೆ ರಬ್ಬರ್ ಬೆರೆತ ಫಿಲ್ಲರ್ ಸುರಿಯಿರಿ. ಅದು ಒಣಗಿದಾಗ ತಗ್ಗುತ್ತದೆ, ಮರುದಿನ ಇನ್ನೊಮ್ಮೆ ಸುರಿಯಿರಿ. ನೆಲದ ಮಟ್ಟಕ್ಕಿಂತ ಮೇಲೆ ಬಾರದಂತೆ ನೋಡಿಕೊಳ್ಳಿ. ಮೇಲೆದ್ದರೆ ಚಳಿಗಾಲದಲ್ಲಿ ಸ್ನೋ ಸಲಿಕೆ ಅದನ್ನು ಕಿತ್ತು ಎಸೆಯುತ್ತದೆ. ಕಿರುಬೆರಳು ಹೋಗುವ ಬಿರುಕಿಗೆ ಪ್ರೊಪೇನ್ ಟಾರ್ಚ್‌ನಲ್ಲಿ ಕರಗಿಸಿ ಹಾಕುವ ಫಿಲ್ಲರ್ ಇನ್ನೂ ಗಟ್ಟಿ, ಆದರೆ ಬೆಂಕಿಯ ಕೆಲಸ, ಮಗು ಹತ್ತಿರ ಇರಬಾರದು.

ಎಣ್ಣೆ ಕಲೆ ಇದ್ದರೆ ಡಿಗ್ರೀಸರ್ ಹಾಕಿ ತೊಳೆದು, ಅದರ ಮೇಲೆ ಪ್ರೈಮರ್ ಹಚ್ಚಿ. ಎಣ್ಣೆಯ ಮೇಲೆ ಸೀಲರ್ ಕೂರುವುದೇ ಇಲ್ಲ. ಆಮೇಲೆ ಪೂರ್ತಿ ತೊಳೆದು ಒಣಗಲು ಬಿಡಿ. ಗ್ಯಾರೇಜ್ ಕಾಂಕ್ರೀಟ್ ಅಂಚಿಗೆ ಟೇಪ್ ಅಂಟಿಸಿ.

ನಿಮ್ಮದು 800 ಚದರ ಅಡಿ. ಐದು ಗ್ಯಾಲನ್‌ನ ಡಬ್ಬಿ ಒಂದು ಕೋಟ್‌ಗೆ ಸುಮಾರು 350ರಿಂದ 400 ಚದರ ಅಡಿ ಬರುತ್ತದೆ. ಎರಡು ಕೋಟ್‌ಗೆ ನಾಲ್ಕೈದು ಡಬ್ಬಿ ಬೇಕು. ಚೆನ್ನಾಗಿ ಕಲಕಿ, ತಳದಲ್ಲಿ ಮರಳು ಕೂತಿರುತ್ತದೆ. ಗ್ಯಾರೇಜ್ ಕಡೆಯಿಂದ ಶುರು ಮಾಡಿ ರಸ್ತೆ ಕಡೆ ಹಿಂದೆ ಹಿಂದೆ ಬನ್ನಿ. ಕಾರು ಹಿಂದಿನ ದಿನವೇ ರಸ್ತೆಗೆ ತೆಗೆದಿಡಿ. ಹಚ್ಚಿದ ಮೇಲೆ ಎರಡು ದಿನ ಕಾರು ಹತ್ತಿಸಬೇಡಿ.

ಕ್ಯಾಲ್ಗರಿ_ಹೊಸಬ · ಆಗಸ್ಟ್ 9

ನಮ್ಮದು ಹೊಸ ಮನೆ, ಡಾಂಬರು ಹಾಕಿ ಎರಡು ತಿಂಗಳು. ಚಳಿಗಾಲಕ್ಕೆ ಮುಂಚೆ ಸೀಲ್ ಮಾಡಿಬಿಡಲಾ?

ಡೆಟ್ರಾಯಿಟ್_ಸಿವಿಲ್ · ಆಗಸ್ಟ್ 9

ಕಾಯಿರಿ. ಹೊಸ ಡಾಂಬರಿನಲ್ಲಿ ಹಗುರ ಎಣ್ಣೆ ಅಂಶ ಇರುತ್ತದೆ, ಅದು ಹೋಗಿ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಮುಂದಿನ ಬೇಸಿಗೆಯಲ್ಲಿ ಮಾಡಿ. ಅಲ್ಲಿಯವರೆಗೆ ಅಂಚಿನ ಮೇಲೆ ಟಯರ್ ಹತ್ತಿಸಬೇಡಿ.

ಈಗನ್_ಕನ್ನಡತಿ · ಆಗಸ್ಟ್ 24

ಮುಗಿಯಿತು! ಎರಡು ವಾರಾಂತ್ಯ ಹಿಡಿಯಿತು. ಮೊದಲ ವಾರಾಂತ್ಯ ಪೂರ್ತಿ ಬರೀ ಬಿರುಕಿನ ಕೆಲಸ. ಆ ಉದ್ದ ಬಿರುಕಿನಿಂದ ಒಂದು ಬಕೆಟ್ ಮಣ್ಣು ಬಂತು. ನನ್ನವರು ಕೆದಕಿದರು, ನಾನು ಊದಿದೆ, ಮಗ ಕಿಟಕಿಯಿಂದ ನೋಡುತ್ತಾ ಕೂತಿದ್ದ. ಫಿಲ್ಲರ್ ಎರಡು ಸಲ ಸುರಿದೆವು. ಮುಂದಿನ ಶನಿವಾರ ಹವಾಮಾನ ನೋಡಿ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಕೋಟ್, ಭಾನುವಾರ ಎರಡನೆಯದು. ಮೊದಲ ಕೋಟ್ ಎಷ್ಟು ಹೀರಿತು ಎಂದರೆ ಮೂರು ಡಬ್ಬಿ ಅದಕ್ಕೇ ಹೋಯಿತು. ಒಟ್ಟು ಐದು. ಸೊಂಟ ಹಿಡಿದುಕೊಂಡಿದೆ, ಆದರೆ ಸಂಜೆ ಮೆಟ್ಟಿಲ ಮೇಲೆ ಕೂತು ನೋಡಿದಾಗ ಅಜ್ಜಿ ಮನೆಯ ಅಂಗಳ ಸಾರಿಸಿದ ದಿನ ನೆನಪಾಯಿತು.

ಡೆಟ್ರಾಯಿಟ್_ಸಿವಿಲ್ · ಆಗಸ್ಟ್ 24

ತುಂಬಾ ಸಂತೋಷ. ಸೂರಿನ ನೀರಿನ ಪೈಪು ಎಲ್ಲಿ ಬಿಡುತ್ತದೆ ಎಂದು ನೀವು ಹೇಳಲೇ ಇಲ್ಲ.

ಈಗನ್_ಕನ್ನಡತಿ · ಏಪ್ರಿಲ್ 12

ಚಳಿಗಾಲ ಕಳೆಯಿತು. ಬಂದು ಹೇಳುತ್ತೇನೆ ಎಂದುಕೊಂಡಿದ್ದೆ, ಹೇಳುತ್ತಿದ್ದೇನೆ.

ಮೇಲ್ಪದರ ಚೆನ್ನಾಗಿ ಉಳಿದಿದೆ. ನೀರು ಸುರಿದರೆ ಹನಿ ಕಟ್ಟುತ್ತದೆ. ರಸ್ತೆ ಬದಿಯ ನಾಲ್ಕು ಅಡಿಯಲ್ಲಿ ಮಾತ್ರ ಸವೆದಿದೆ. ನಗರದ ಸ್ನೋ ಗಾಡಿ ಅಲ್ಲಿ ರಾಶಿ ಹಾಕುತ್ತಿತ್ತು, ನಾವು ಕೆರೆದು ಕೆರೆದು ತೆಗೆಯುತ್ತಿದ್ದೆವು. ಸಲಿಕೆಗೆ ಪ್ಲಾಸ್ಟಿಕ್ ಅಂಚಿನದ್ದು ತಂದ ಮೇಲೆ ಕಡಿಮೆಯಾಯಿತು. ಉಪ್ಪು ಇಡೀ ಚಳಿಗಾಲಕ್ಕೆ ಒಂದೇ ಚೀಲ.

ಉದ್ದ ಬಿರುಕಿನ ಫಿಲ್ಲರ್ ಎಲ್ಲ ಕಡೆ ಗಟ್ಟಿಯಾಗಿ ಕೂತಿದೆ, ಗ್ಯಾರೇಜ್ ಹತ್ತಿರದ ಮೂರು ಅಡಿ ಬಿಟ್ಟು. ಅಲ್ಲಿ ಮತ್ತೆ ಬಾಯಿ ಬಿಟ್ಟಿದೆ, ನೆಲವೂ ಒಂದು ಇಂಚು ಕುಸಿದಿದೆ. ಸರ್, ನೀವು ಎರಡು ಸಲ ಕೇಳಿದ್ದಿರಿ. ಸೂರಿನ ಪೈಪು ಬಿಡುವುದು ಸರಿಯಾಗಿ ಅಲ್ಲೇ. ಮಾರ್ಚ್‌ನಲ್ಲಿ ಸೂರಿನ ಸ್ನೋ ಕರಗಿ ದಿನವಿಡೀ ಅಲ್ಲಿಗೆ ಸುರಿಯುವುದನ್ನು ಕಣ್ಣಾರೆ ನೋಡಿದೆ. ಆ ಮಾತನ್ನು ಅಂದೇ ಕೇಳಬೇಕಿತ್ತು.

ಡೆಟ್ರಾಯಿಟ್_ಸಿವಿಲ್ · ಏಪ್ರಿಲ್ 12

ಈಗಲಾದರೂ ಸಿಕ್ಕಿತಲ್ಲ. ನಿಮ್ಮ ಕಡೆ ಮನೆಯ ಪಾಯವನ್ನೇ 42 ಇಂಚು ಆಳಕ್ಕೆ ಇಳಿಸಬೇಕು ಎಂದು ನಿಯಮ ಇದೆ, ಅಷ್ಟು ಆಳಕ್ಕೆ ಮಣ್ಣು ಹೆಪ್ಪುಗಟ್ಟುತ್ತದೆ. ಆ ಮಣ್ಣಿನಲ್ಲಿ ನೀರು ತುಂಬಿದ್ದರೆ ಅದು ಡಾಂಬರನ್ನು ಎತ್ತುತ್ತದೆ, ಕರಗಿದ ಮೇಲೆ ಕುಸಿಯುತ್ತದೆ. ಮೇಲೆ ಎಷ್ಟು ಸಾರಿಸಿದರೂ ಕೆಳಗಿನಿಂದ ಹೋಗುತ್ತದೆ. ಪೈಪಿಗೆ ಇನ್ನೊಂದು ತುಂಡು ಜೋಡಿಸಿ ಹುಲ್ಲಿನ ಕಡೆಗೆ ಬಿಡಿ, ನೆಲ ಮನೆಯಿಂದ ಹೊರಗೆ ಇಳಿಜಾರು ಇರುವ ಕಡೆಗೆ. ಇದನ್ನು ಈ ವಾರವೇ ಮಾಡಿ. ಆ ಮೂರು ಅಡಿಯನ್ನು ಜೂನ್‌ನಲ್ಲಿ ನೆಲ ಒಣಗಿದ ಮೇಲೆ ಕತ್ತರಿಸಿ ತೆಗೆದು, ಜಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ ಬಿಸಿ ಡಾಂಬರು ಹಾಕಿಸಿ. ಸಣ್ಣ ಕೆಲಸ, ಆದರೆ ಯಂತ್ರ ಇರುವವರೇ ಮಾಡಬೇಕು.

ಈಗನ್_ಕನ್ನಡತಿ · ಏಪ್ರಿಲ್ 19

ಪೈಪು ತಿರುಗಿಸಿದೆವು. ಹತ್ತು ಅಡಿಯ ತುಂಡು ಹಾಕಿ ಹುಲ್ಲಿಗೆ ಬಿಟ್ಟಿದ್ದೇವೆ. ನಿನ್ನೆ ಜೋರು ಮಳೆ ಬಂತು, ಛತ್ರಿ ಹಿಡಿದು ಹೊರಗೆ ನಿಂತು ನೋಡಿದೆ. ಡ್ರೈವ್‌ವೇಗೆ ಒಂದು ಹನಿಯೂ ಆ ಪೈಪಿನಿಂದ ಬರಲಿಲ್ಲ. ಜೂನ್‌ಗೆ ಮೂವರ ಹತ್ತಿರ ಬರಹದಲ್ಲಿ ದರ ಕೇಳಿದ್ದೇನೆ. ಬಾಗಿಲು ತಟ್ಟಿ ಬಂದ ಒಬ್ಬರನ್ನು ಈ ವಾರವೇ ವಾಪಸ್ ಕಳಿಸಿದೆ.

ರೋಚೆಸ್ಟರ್_ಹಳಬ · ಏಪ್ರಿಲ್ 19

ಒಳ್ಳೆಯ ಕೆಲಸ ಮಾಡಿದಿರಿ. ದರ ಕೇಳುವಾಗ ಜಲ್ಲಿ ಎಷ್ಟು ಇಂಚು, ಡಾಂಬರು ಎಷ್ಟು ಇಂಚು ಎಂದು ಬರೆಸಿಕೊಳ್ಳಿ. ಕತ್ತರಿಸಿದ ಅಂಚಿಗೆ ಟ್ಯಾಕ್ ಕೋಟ್ (ಹೊಸದು ಹಳೆಯದಕ್ಕೆ ಅಂಟಿಕೊಳ್ಳಲು ಹಾಕುವ ತೆಳು ಪದರ) ಹಚ್ಚುತ್ತಾರಾ ಎಂದೂ ಕೇಳಿ. ಹಳೆಯದಕ್ಕೂ ಹೊಸದಕ್ಕೂ ನಡುವಿನ ಸಂದಿಯಲ್ಲೇ ಮತ್ತೆ ನೀರು ಇಳಿಯುವುದು.